ಬಾಣದ ಮೇಲೆ ಏನು ಬರೆದಿರಿ?

ಕೇಳುಗರಿಗೆ ನಮಸ್ಕಾರ. ದ್ವಿತೀಯ ಪಿಯುಸಿ ಪರೀಕ್ಷೆಗೆ ತಯಾರಾಗುತ್ತಿರುವ ವಿದ್ಯಾರ್ಥಿಗಳೇ, ಸಾವಯವ ರಸಾಯನಶಾಸ್ತ್ರ ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ ಅನ್ನಿಸುತ್ತಿದ್ದರೆ ಪುಸ್ತಕ ಮುಚ್ಚಿ, ಪೆನ್ನು ಹಿಡಿಯಿರಿ.

ಸಮೀಕರಣದ ಎರಡೂ ಬದಿ ಸರಿಯಾಗಿ ಬರೆದು, ನಡುವಿನ ಬಾಣದ ಮೇಲೆ ಯಾವ ರಾಸಾಯನಿಕ, ಎಷ್ಟು ಉಷ್ಣತೆ ಎಂದು ಏನೂ ಬರೆಯದೆ ಅಂಕ ಕಳೆದುಕೊಳ್ಳುವವರು ಬಹಳ. ಕ್ರಿಯೆಯ ಹಣೆಬರಹ ಇರುವುದೇ ಅಲ್ಲಿ. ಎಥನಾಲನ್ನು ಸಾರೀಕೃತ ಸಲ್ಫ್ಯೂರಿಕ್ ಆಮ್ಲದೊಂದಿಗೆ 443 ಕೆಲ್ವಿನ್‌ಗೆ ಕಾಯಿಸಿದರೆ ಈಥೀನ್ ಸಿಗುತ್ತದೆ, 413 ಕೆಲ್ವಿನ್‌ನಲ್ಲಿ ಈಥಾಕ್ಸಿಈಥೇನ್. ಫೀನಾಲ್‌ಗೆ ಬ್ರೋಮಿನ್ ನೀರು ಹಾಕಿದರೆ ಟ್ರೈಬ್ರೋಮೊಫೀನಾಲ್‌ನ ಬಿಳಿ ಒತ್ತರ ಬೀಳುತ್ತದೆ. ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿದ ಬ್ರೋಮಿನ್ ಆದರೆ, 273 ಕೆಲ್ವಿನ್‌ನಲ್ಲಿ, ಒಂದೇ ಬ್ರೋಮಿನ್ ಸೇರುತ್ತದೆ, ಹೆಚ್ಚಿನ ಪಾಲು ಪ್ಯಾರಾ ಸ್ಥಾನಕ್ಕೆ.

ಆಲ್ಡಿಹೈಡ್‌ಗಳ ಆಲ್ಡಾಲ್, ಕ್ಯಾನಿಝಾರೊ ಕ್ರಿಯೆಗಳೆರಡನ್ನೂ ಅದಲು ಬದಲು ಮಾಡುವವರು ಆಲ್ಫಾ ಹೈಡ್ರೋಜನ್, ಅಂದರೆ ಆಲ್ಡಿಹೈಡ್ ಗುಂಪಿನ ಪಕ್ಕದ ಇಂಗಾಲದ ಮೇಲಿರುವ ಹೈಡ್ರೋಜನ್, ಎಣಿಸಿ ನೋಡಿ. ಎಥನಾಲ್ ಅಲ್ಲ, ಎಥನ್ಯಾಲ್ ತೆಗೆದುಕೊಳ್ಳಿ. ಆಲ್ಡಿಹೈಡ್ ಗುಂಪಿನ ಪಕ್ಕದ ಇಂಗಾಲದಲ್ಲಿ ಮೂರು ಹೈಡ್ರೋಜನ್ ಇವೆ. ಹಾಗಾಗಿ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಎರಡು ಅಣು ಕೂಡಿ 3-ಹೈಡ್ರಾಕ್ಸಿಬ್ಯೂಟನ್ಯಾಲ್ ಆಗುತ್ತದೆ; ಇದು ಆಲ್ಡಾಲ್. ಬೆಂಜಾಲ್ಡಿಹೈಡ್‌ನಲ್ಲಿ ಪಕ್ಕದ ಇಂಗಾಲ ಬೆಂಜೀನ್ ಉಂಗುರದ್ದು, ಅದರ ಮೇಲೆ ಹೈಡ್ರೋಜನ್ ಇಲ್ಲ. ಸಾರೀಕೃತ ಕ್ಷಾರದಲ್ಲಿ ಒಂದು ಅಣು ಬೆಂಜೈಲ್ ಆಲ್ಕೊಹಾಲ್ ಆಗುತ್ತದೆ, ಇನ್ನೊಂದು ಸೋಡಿಯಂ ಬೆಂಜೊಯೇಟ್; ಇದು ಕ್ಯಾನಿಝಾರೊ. ಹೆಸರನ್ನು ಬಾಯಿಪಾಠ ಮಾಡುವ ಮೊದಲು ಈ ಎಣಿಕೆ ಅಭ್ಯಾಸವಾಗಲಿ.

ಈಥರ್ ತಯಾರಿಸುವ ವಿಲಿಯಮ್‌ಸನ್ ಕ್ರಿಯೆಯಲ್ಲಂತೂ ಒಳ್ಳೆಯ ವಿದ್ಯಾರ್ಥಿಗಳೂ ಎಡವುತ್ತಾರೆ. ಟರ್ಷಿಯರಿ ಬ್ಯೂಟೈಲ್ ಈಥೈಲ್ ಈಥರ್ ತಯಾರಿಸಿ ಎಂದರೆ ಸೋಡಿಯಂ ಈಥಾಕ್ಸೈಡ್ ಮತ್ತು ಟರ್ಷಿಯರಿ ಬ್ಯೂಟೈಲ್ ಬ್ರೋಮೈಡ್ ಬರೆದುಬಿಡುತ್ತಾರೆ. ಈಥಾಕ್ಸೈಡ್ ಪ್ರಬಲ ಪ್ರತ್ಯಾಮ್ಲ. ಮೂರು ಮಿಥೈಲ್ ಗುಂಪುಗಳು ಸುತ್ತುವರಿದ ಇಂಗಾಲವನ್ನು ಮುಟ್ಟಲಾಗದೆ ಅದು ಹೈಡ್ರೋಜನ್ ಕೀಳುತ್ತದೆ, ಈಥರ್ ಬದಲು 2-ಮಿಥೈಲ್‌ಪ್ರೋಪೀನ್ ಕೊಡುತ್ತದೆ. ಜೋಡಿಯನ್ನು ತಿರುಗಿಸಿ: ಸೋಡಿಯಂ ಟರ್ಷಿಯರಿ ಬ್ಯೂಟಾಕ್ಸೈಡ್, ಈಥೈಲ್ ಬ್ರೋಮೈಡ್. ಹ್ಯಾಲೈಡ್ ಪ್ರೈಮರಿಯೇ ಇರಬೇಕು, ಅಂದರೆ ಬ್ರೋಮಿನ್ ಹೊತ್ತ ಇಂಗಾಲಕ್ಕೆ ಒಂದೇ ಇಂಗಾಲ ಅಂಟಿರಬೇಕು.

ಅಮೈಡ್‌ನಿಂದ ಅಮೀನ್ ಮಾಡುವ ಹಾಫ್‌ಮನ್ ಬ್ರೋಮಮೈಡ್ ಕ್ರಿಯೆಯಲ್ಲಿ ಒಂದು ಇಂಗಾಲ ಕಡಿಮೆಯಾಗುತ್ತದೆ; ಪ್ರೊಪನಮೈಡ್‌ನಿಂದ ಈಥನಮೀನ್. ಬ್ರೋಮಿನ್ ಒಂದು ಅಣುವಾದರೆ ಸೋಡಿಯಂ ಹೈಡ್ರಾಕ್ಸೈಡ್ ನಾಲ್ಕು.

ಈಗ ರಾತ್ರಿ ಮಾಡಬೇಕಾದ ಕೆಲಸ. ಒಂದು ಹಾಳೆಯಲ್ಲಿ ಹತ್ತು ಕ್ರಿಯೆಗಳ ಎರಡೂ ಬದಿ ಬರೆದು, ಬಾಣಗಳನ್ನು ಖಾಲಿ ಬಿಡಿ. ಬೆಳಿಗ್ಗೆ ಪುಸ್ತಕ ತೆರೆಯದೆ ತುಂಬಿ. ತಪ್ಪಿದವನ್ನಷ್ಟೇ ಮರುದಿನದ ಹಾಳೆಗೆ ಸೇರಿಸಿ. ಅನಿಲೀನ್‌ನಿಂದ ಡೈಅಜೋನಿಯಂ ಲವಣ ಮಾಡುವ ಕ್ರಿಯೆ ಆ ಹತ್ತರಲ್ಲಿ ಇರಲೇಬೇಕು: ಸೋಡಿಯಂ ನೈಟ್ರೈಟ್, ಹೈಡ್ರೋಕ್ಲೋರಿಕ್ ಆಮ್ಲ, 273ರಿಂದ 278 ಕೆಲ್ವಿನ್. ಉಷ್ಣತೆ ಏರಿದರೆ ಲವಣ ನೀರಿನೊಂದಿಗೆ ವರ್ತಿಸಿ ಫೀನಾಲ್ ಆಗಿಬಿಡುತ್ತದೆ, ನೈಟ್ರೋಜನ್ ಹೊರಬೀಳುತ್ತದೆ. ನಮಸ್ಕಾರ.