ರಾಕ್ಷಸ ಕಪ್ಪೆಯೂ ಒಂದು ಚಿತ್ರದ ಪುಸ್ತಕವೂ
(ತೀರ್ಥಹಳ್ಳಿಯಲ್ಲಿ ಚಿತ್ರಪ್ರದರ್ಶನಕ್ಕೆ ಮೊದಲು ಆಡಿದ ಮಾತುಗಳು)

ಗೆಳೆಯರೇ,

ಕರಪತ್ರದಲ್ಲಿ ‘ಪ್ರಳಯದ ನಂತರದ ನಗು’ ಎಂದು ಅಚ್ಚಾಗಿರುವುದನ್ನು ಓದಿದ ಹಿರಿಯರೊಬ್ಬರು ದಾರಿಯಲ್ಲಿ ಸಿಕ್ಕಿ, ‘ಹರಿಕಥೆಯೋ, ತಾಳಮದ್ದಲೆಯೋ?’ ಎಂದು ಕೇಳಿದರು. ಇಂಗ್ಲಿಷ್ ಸಿನಿಮಾ ಎಂದೆ. ಕೊಡೆ ಬಿಡಿಸಿಕೊಂಡು ಮನೆಯ ಕಡೆ ತಿರುಗಿದರು. ಉಳಿದಿರುವ ನಿಮಗೆ ನಮಸ್ಕಾರ.

ಮೈಕೆಲ್ ಮ್ಯಾಥ್ಯೂಸ್ ನಿರ್ದೇಶನದ ‘ಲವ್ ಅಂಡ್ ಮಾನ್‌ಸ್ಟರ್ಸ್’ ಬಿಡುಗಡೆಯಾದದ್ದು 2020ರ ಅಕ್ಟೋಬರಿನಲ್ಲಿ. ನಾವು ತರಕಾರಿಯನ್ನೂ ಸೋಪಿನಲ್ಲಿ ತೊಳೆಯುತ್ತಿದ್ದ ಕಾಲ. ಭೂಮಿಗೆ ಬಡಿಯಲಿದ್ದ ಕ್ಷುದ್ರಗ್ರಹವನ್ನು ಮನುಷ್ಯರು ರಾಕೆಟ್ ಬಿಟ್ಟು ಒಡೆಯುತ್ತಾರೆ. ಗಂಡಾಂತರ ಕಳೆಯಿತು ಎನ್ನುವಷ್ಟರಲ್ಲಿ ರಾಕೆಟ್ಟಿನ ರಾಸಾಯನಿಕ ಭೂಮಿಗೇ ಸುರಿದು ಇರುವೆ, ಕಪ್ಪೆ, ಜರಿಗಳೆಲ್ಲ ದೈತ್ಯವಾಗುತ್ತವೆ. ಮನುಷ್ಯರಲ್ಲಿ ಶೇ. 95ರಷ್ಟು ಮಂದಿ ಸಾಯುತ್ತಾರೆ. ಉಳಿದವರ ವಾಸ ನೆಲದಡಿ.

ಇರುವೆಯನ್ನು ಹತ್ತು ಪಟ್ಟು ಉದ್ದ ಮಾಡಿದರೆ ತೂಕ ಸಾವಿರ ಪಟ್ಟಾಗುತ್ತದೆ, ಕಾಲಿನ ಬಲ ನೂರು ಪಟ್ಟಷ್ಟೇ. ಕಾರಿನಷ್ಟು ದೊಡ್ಡ ಇರುವೆ ಎದ್ದು ನಿಲ್ಲುವುದೇ ಅನುಮಾನ. ಇದನ್ನು ಈಗಲೇ ಹೇಳಿಬಿಟ್ಟೆ, ನಡುವೆ ಯಾರೂ ಎದ್ದು ಹೇಳಬಾರದೆಂದು. ದೃಶ್ಯ ಪರಿಣಾಮಕ್ಕಾಗಿ ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರವಿದು. ಆ ಕಪ್ಪೆಯ ಚರ್ಮದ ಜಿಗುಟು ನೋಡಿ, ಲೆಕ್ಕ ಮರೆತುಹೋಗುತ್ತದೆ.

ನಾಯಕ ಜೋಯಲ್‌ಗೆ ಧೈರ್ಯವಿಲ್ಲ. ಅಪಾಯ ಕಂಡರೆ ಕೈಕಾಲು ಮರಗಟ್ಟುತ್ತವೆ. ಆದ್ದರಿಂದ ಏಳು ವರ್ಷ ಅವನ ಪಾಲಿಗೆ ಬಂದದ್ದು ಅಡುಗೆ ಕೆಲಸ. ಒಂದು ದಿನ, ರೇಡಿಯೊದಲ್ಲಿ ಮಾತಿಗೆ ಸಿಕ್ಕ ಹಳೆಯ ಗೆಳತಿಯನ್ನು ಹುಡುಕಿಕೊಂಡು 85 ಮೈಲಿ ನಡೆಯಲು ಹೊರಡುತ್ತಾನೆ. ಸುಮಾರು 137 ಕಿಲೋಮೀಟರ್. ಇಲ್ಲಿಂದ ಆಗುಂಬೆ ಘಾಟಿ ಇಳಿದು ಮಂಗಳೂರು ಮುಟ್ಟುವಷ್ಟು. ಅವನ ಜೊತೆಗೂಡುವ ನಾಯಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ನಾಯಿ ಸಾಕಿದವರು ಕರ್ಚೀಫು ಇಟ್ಟುಕೊಳ್ಳಿ.

ನನಗೆ ಮುಖ್ಯವೆನಿಸಿದ್ದು ಅವನ ಚೀಲದಲ್ಲಿರುವ ಪುಸ್ತಕ. ಕಂಡ ಜೀವಿಗಳ ಚಿತ್ರ ಬರೆದು, ಯಾವುದು ಹೇಗೆ ಮೇಲೆ ಬೀಳುತ್ತದೆ, ಅದರ ಮರ್ಮವೆಲ್ಲಿ ಎಂದು ಬದಿಯಲ್ಲಿ ಗುರುತು ಹಾಕುತ್ತಾನೆ. ಒಟ್ಟು ರಾಶಿಯಾಗಿದ್ದ ಭಯ ಹಾಳೆಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಬಂಡೆಯಂತಹ ಬಸವನಹುಳು ಎದುರಾದಾಗ, ದಾರಿಯಲ್ಲಿ ಸಿಕ್ಕ ಅನುಭವಿಯೊಬ್ಬ ಅದು ಪಾಪದ್ದು, ಕಣ್ಣು ನೋಡಿದರೆ ತಿಳಿಯುತ್ತದೆ ಎನ್ನುತ್ತಾನೆ.

ನಮ್ಮ ಕಡೆಯ ಅಜ್ಜಂದಿರಿಗೆ ಈ ವಿದ್ಯೆ ಪುಸ್ತಕವಿಲ್ಲದೆಯೇ ಗೊತ್ತಿತ್ತು. ತೋಟದಲ್ಲಿ ಸರಕ್ಕನೆ ಸರಿದದ್ದು ಕೇರೆಯೋ, ಕೊಳಕುಮಂಡಲವೋ ಎಂದು ದೂರದಿಂದಲೇ ಹೇಳುತ್ತಿದ್ದರು. ಗೊತ್ತಿಲ್ಲದವರ ಕೈಯ ದೊಣ್ಣೆಗೆ ಎರಡೂ ಒಂದೇ. ಆಗುಂಬೆಯ ಕಾಳಿಂಗವನ್ನು ಇಡೀ ಏಷ್ಯಾದ ಕಾಳಿಂಗಗಳ ಜೊತೆ ಒಂದೇ ಲೆಕ್ಕಕ್ಕೆ ಸೇರಿಸಿದ್ದ ವಿಜ್ಞಾನಿಗಳು, 2024ರಲ್ಲಿ ಪಶ್ಚಿಮ ಘಟ್ಟದ್ದು ಬೇರೆಯೇ ಪ್ರಭೇದವೆಂದು ಕಂಡುಕೊಂಡು ‘ಒಫಿಯೋಫೇಗಸ್ ಕಾಳಿಂಗ’ ಎಂದು ಕರೆದರು. ಹೆಸರು ನಮ್ಮ ಹಿತ್ತಿಲಿನದೇ.

ಆದರೆ ಕಣ್ಣು ನೋಡಿದರೆ ಸಾಕು ಎಂಬ ಮಾತಿಗೆ ನನ್ನ ತಕರಾರಿದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಮುಖ್ಯ ಉಣುಗಿಗೆ ಕಣ್ಣುಗಳೇ ಇಲ್ಲ. ಸಾಸಿವೆಯಷ್ಟೂ ಇರದ ಅದರ ಮರಿಯ ಮುಖದಲ್ಲಿ ಪಾಪ ಪುಣ್ಯ ಹುಡುಕುವುದು ಹೇಗೆ? ಕಾಡಿಗೆ ಸೊಪ್ಪು ತರಲು ಹೋಗುವವರಿಗೆ ಬೇಕಾಗುವುದು ಜೋಯಲ್‌ನ ಪುಸ್ತಕದಂಥದ್ದು: ಅದು ಯಾವ ತಿಂಗಳಲ್ಲಿ ಹೆಚ್ಚು, ಎಲ್ಲಿ ಹತ್ತುತ್ತದೆ, ಮನೆಗೆ ಬಂದ ಮೇಲೆ ಏನು ಮಾಡಬೇಕು. ಸಿನಿಮಾ ಕಣ್ಣಿನ ಪಕ್ಷ ಹಿಡಿಯುತ್ತದೆ, ಕೊನೆಯ ಏಡಿಯ ದೃಶ್ಯದಲ್ಲಂತೂ ಗಟ್ಟಿಯಾಗಿ. ನನ್ನ ಮತ ಪುಸ್ತಕಕ್ಕೆ.

ಇನ್ನೊಂದು ವಿಷಯ. ನಾಯಕನ ಮೈಗೆ ಉಂಬಳ ಹತ್ತಿ, ಅದರ ನಂಜಿಗೆ ಇಲ್ಲದ್ದೆಲ್ಲ ಕಾಣುವ ದೃಶ್ಯವೊಂದಿದೆ. ಬೇರೆ ಊರಿನ ಪ್ರೇಕ್ಷಕರು ಅಲ್ಲಿ ಚೀರಿರಬಹುದು. ನೀವು ನಗುತ್ತೀರಿ ಎಂದು ಗೊತ್ತು. ನಕ್ಕ ಮೇಲೆ ಒಮ್ಮೆ ಬಗ್ಗಿ ನಿಮ್ಮ ಪಾದ ನೋಡಿಕೊಳ್ಳಿ, ಹೊರಗೆ ಹುಲ್ಲಿನಲ್ಲಿ ನಿಂತು ಕಾಫಿ ಕುಡಿದಿದ್ದೀರಿ. ಸುಣ್ಣದ ಡಬ್ಬಿ ನನ್ನ ಬಳಿ ಇದೆ, ಮೂರನೆಯ ಸಾಲಿನ ತುದಿಯಲ್ಲಿ ಕೂತಿರುತ್ತೇನೆ. ದೀಪ ಆರಿಸಿ.