ಬಿಳಿ ಮರಳಿನ ಕೆಂಪು ಬ್ಯಾಂಕ್ಸಿಯಾ

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಜಾಸ್ತಿ ಜನ ಕಾಫಿ, ಅಡಿಕೆ, ಮೆಣಸು ಬೆಳೆಯುವವರು. ಕಾಫಿ ತೋಟ ಅಂದರೆ ಸಿಲ್ವರ್ ಓಕ್ ಇದ್ದೇ ಇರುತ್ತದೆ. ಆ ಮರ ಆಸ್ಟ್ರೇಲಿಯಾದ್ದು, ಪ್ರೋಟಿಯೇಸಿ ಕುಟುಂಬದ್ದು. ಇವತ್ತು ನಾನು ಹೇಳಲು ಬಂದಿರುವುದು ಅದೇ ಕುಟುಂಬದ ಒಂದು ಪೊದೆಯ ಕಥೆ. ಹೆಸರು ಸ್ಕಾರ್ಲೆಟ್ ಬ್ಯಾಂಕ್ಸಿಯಾ.

ಇದು ಪಶ್ಚಿಮ ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ಗಿಡ. ಆಲ್ಬನಿ ಪಟ್ಟಣದ ಆಸುಪಾಸು, ಸ್ಟರ್ಲಿಂಗ್ ಬೆಟ್ಟಸಾಲು, ಪೂರ್ವಕ್ಕೆ ಫಿಟ್ಜ್‌ಜೆರಾಲ್ಡ್ ನದಿಯ ರಾಷ್ಟ್ರೀಯ ಉದ್ಯಾನ, ಇವೇ ಅದರ ತವರು. ಅಲ್ಲಿನ ಮೂಲನಿವಾಸಿ ನುಂಗರ್ ಜನರ ಮಾತಿನಲ್ಲಿ ಇಂಥ ಮರಳು ಕುರುಚಲು ನೆಲಕ್ಕೆ ಕ್ವಾಂಗನ್ ಎನ್ನುತ್ತಾರೆ. 1801ರ ಡಿಸೆಂಬರಿನಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್‌ನ ಹಡಗು ಕಿಂಗ್ ಜಾರ್ಜ್ ಸೌಂಡ್‌ಗೆ ಬಂತು. ಅದರಲ್ಲಿದ್ದ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಈ ಗಿಡವನ್ನು ಸಂಗ್ರಹಿಸಿದ. 1810ರಲ್ಲಿ ಬ್ಯಾಂಕ್ಸಿಯಾ ಕಾಕ್ಸಿನಿಯಾ ಎಂಬ ಹೆಸರಿನಲ್ಲಿ ಪ್ರಕಟಿಸಿದ.

ಹೂವನ್ನು ನೋಡಿ. ಒಂದು ಹೂವು ಅಂತ ನಮಗೆ ಕಾಣುವುದು ನಿಜವಾಗಿ ನೂರಾರು ಪುಟ್ಟ ಹೂವುಗಳ ಗೊಂಚಲು. ಪ್ರತಿ ಪುಟ್ಟ ಹೂವಿನಿಂದ ಕಡುಗೆಂಪು ಶಲಾಕೆ, ಅಂದರೆ ಹೂವಿನ ನಡುವಿನ ತೆಳು ಕಡ್ಡಿ, ಬಾಗಿ ಹೊರಬರುತ್ತದೆ. ಹೂವುಗಳು ಮೇಲಿಂದ ಕೆಳಕ್ಕೆ ನೇರ ಸಾಲಾಗಿ ನಿಂತಿರುತ್ತವೆ. ಸಾಲುಗಳ ನಡುವೆ ಬೂದು ಬಣ್ಣದ ನವಿರು ಕಾಣುತ್ತದೆ. ಕೆಂಪು, ಬೂದು, ಮತ್ತೆ ಕೆಂಪು. ಇಷ್ಟು ಅಚ್ಚುಕಟ್ಟಾದ ಹೂವು ಬ್ಯಾಂಕ್ಸಿಯಾಗಳಲ್ಲೇ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮಕರಂದಕ್ಕೆ ಹನಿಈಟರ್ ಹಕ್ಕಿಗಳು ಬರುತ್ತವೆ. ಈ ಕುರುಚಲಿನಲ್ಲಿ ಹನಿ ಪಾಸಮ್ ಎಂಬ ಪುಟಾಣಿ ಪ್ರಾಣಿಯೂ ಇದೆ. ಸುಮಾರು ಹತ್ತು ಗ್ರಾಂ ತೂಕ, ಹೊಟ್ಟೆಯಲ್ಲಿ ಮರಿಚೀಲ. ಅದರ ಊಟವೆಲ್ಲ ಬರೀ ಮಕರಂದ ಮತ್ತು ಪರಾಗ.

ಈಗ ಬೇರಿಗೆ ಬರೋಣ. ಅಲ್ಲಿನ ಮರಳಿನಲ್ಲಿ ರಂಜಕ (ಫಾಸ್ಫರಸ್) ಇಲ್ಲವೆನ್ನುವಷ್ಟು ಕಡಿಮೆ. ಲಕ್ಷಾಂತರ ವರ್ಷಗಳ ಮಳೆ ಎಲ್ಲವನ್ನೂ ತೊಳೆದುಬಿಟ್ಟಿದೆ. ಆದರೂ ಗಿಡ ಹೇಗೆ ಬದುಕುತ್ತದೆ? ಚಳಿಗಾಲದ ಮಳೆ ಬಿದ್ದಾಗ ನೆಲದ ಮೇಲ್ಪದರದಲ್ಲಿ ಸಣ್ಣ ಸಣ್ಣ ಬೇರುಗಳು ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಒತ್ತಾಗಿ ಹೊರಡುತ್ತವೆ. ಅವು ಸಾವಯವ ಆಮ್ಲಗಳನ್ನು ಸುರಿಸಿ, ಮಣ್ಣಿನ ಕಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತವೆ. ನಿಮ್ಮ ಸಿಲ್ವರ್ ಓಕ್ ಮರದಲ್ಲೂ ಇಂಥ ಬೇರುಗಳಿವೆ. ಬ್ಯಾಂಕ್ಸಿಯಾ ಹೀಗೆ ಬಡತನಕ್ಕೆ ಎಷ್ಟು ಒಗ್ಗಿಹೋಗಿದೆಯೆಂದರೆ, ಸೂಪರ್ ಫಾಸ್ಫೇಟ್ ಗೊಬ್ಬರ ಹಾಕಿದರೆ ಅದಕ್ಕೆ ವಿಷವಾಗುತ್ತದೆ.

ಬೆಂಕಿಗೂ ಅದು ಸಿದ್ಧ. ಬೆಂಕಿ ಬಿದ್ದರೆ ಗಿಡ ಸಾಯುತ್ತದೆ, ಬೀಜದಿಂದ ಹೊಸ ಪೀಳಿಗೆ ಏಳುತ್ತದೆ. ಮರಿಗಿಡ ಬೀಜ ಕಟ್ಟುವ ಮೊದಲೇ ಇನ್ನೊಂದು ಬೆಂಕಿ ಬಂದರೆ ಮಾತ್ರ ಕಷ್ಟ.

ಅದು ಸೋತಿರುವುದು ಎಲ್ಲಿ ಅಂತ ಹೇಳಿದರೆ ನಿಮಗೆ ಕೂಡಲೇ ಅರ್ಥವಾಗುತ್ತದೆ. ಫೈಟಾಫ್ತೊರಾ! ಅಡಿಕೆಗೆ ಕೊಳೆರೋಗ ತರುವುದು, ಮೆಣಸಿನ ಬಳ್ಳಿಯನ್ನು ಸೊರಗಿಸಿ ಕೊಲ್ಲುವುದು ಇದೇ ಗುಂಪಿನ, ಶಿಲೀಂಧ್ರದಂಥ ಸೂಕ್ಷ್ಮಜೀವಿಗಳು ತಾನೆ? ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವಿವರವಾಗಿ ಬರೆದಿದ್ದರು. ಬ್ಯಾಂಕ್ಸಿಯಾವನ್ನು ಕೊಲ್ಲುವುದು ಅದರ ಸೋದರ, ಫೈಟಾಫ್ತೊರಾ ಸಿನ್ನಮೋಮಿ. ಇದನ್ನು 1922ರಲ್ಲಿ ಸುಮಾತ್ರಾದ ದಾಲ್ಚಿನ್ನಿ ಮರಗಳಲ್ಲಿ ಗುರುತಿಸಿದರು. ಆಸ್ಟ್ರೇಲಿಯಾಕ್ಕೆ ಹೊರಗಿನಿಂದ ಬಂದದ್ದು. ಒದ್ದೆ ಮಣ್ಣಿನಲ್ಲಿ ಈಜುವ ಬೀಜಾಣುಗಳು ಬೇರು ಹೊಕ್ಕು ಕೊಳೆಸುತ್ತವೆ. ಮೇಲೆ ನೋಡಿದರೆ ಗಿಡ ನೀರಿಲ್ಲದೆ ಒಣಗಿದಂತೆ ಕಾಣುತ್ತದೆ. ಸ್ಕಾರ್ಲೆಟ್ ಬ್ಯಾಂಕ್ಸಿಯಾಕ್ಕೆ ಇದನ್ನು ತಡೆಯುವ ಶಕ್ತಿ ತೀರಾ ಕಡಿಮೆ. ಪೊದೆ ಹೋದರೆ ಆ ಹಕ್ಕಿ, ಆ ಪಾಸಮ್ಮಿನ ಊಟಕ್ಕೂ ಕುತ್ತು. ಇದು ನನಗೆ ತುಂಬಾ ಸಂಕಟ ತರುವ ವಿಷಯ.

ನೆಲಕ್ಕೆ ಒಮ್ಮೆ ಹೊಕ್ಕರೆ ಇದನ್ನು ಪೂರ್ತಿ ತೆಗೆಯುವ ದಾರಿ ಇಲ್ಲ. ಅಪರೂಪದ ಗಿಡಗಳಿರುವ ಕಡೆ ವಿಮಾನದಿಂದ ಫಾಸ್ಫೈಟ್ ಸಿಂಪಡಿಸುತ್ತಾರೆ. ನೀವು ಮೆಣಸಿಗೆ ಹೊಡೆಯುವ ಪೊಟ್ಯಾಸಿಯಂ ಫಾಸ್ಫೊನೇಟ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಔಷಧಿ. ಅದು ರೋಗವನ್ನು ನಿಧಾನ ಮಾಡುತ್ತದೆ ಅಷ್ಟೆ. ಹಾಗಾಗಿ ಹರಡದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಕೆಲವು ರಸ್ತೆಗಳನ್ನು ಮುಚ್ಚುತ್ತಾರೆ. ಚಾರಣದ ದಾರಿಗಳಲ್ಲಿ ಶೂ ಉಜ್ಜಿ ಮಣ್ಣು ತೆಗೆಯಲು ಬ್ರಷ್ ಇಟ್ಟಿರುತ್ತಾರೆ. ಪರ್ತ್‌ನಲ್ಲಿ ಮಕ್ಕಳಿರುವವರು ನಿಮ್ಮಲ್ಲೂ ಇರಬಹುದು. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಆ ಕಡೆ ಹೋದರೆ ಆಲ್ಬನಿಗೆ ಹೋಗಿ ಹೂವು ನೋಡಿ ಬನ್ನಿ. ತೋಟದ ಮಣ್ಣು ಹತ್ತಿದ ಶೂ ಮಾತ್ರ ದಯವಿಟ್ಟು ಒಯ್ಯಬೇಡಿ.