ಕರಿ ನಾಲ್ಕರ ಹಟ

ಮುಂಬಯಿಯ ಮಾಟುಂಗಾ ಇರಲಿ, ಅತ್ತ ಡೊಂಬಿವಲಿ ಇರಲಿ, ನಮ್ಮ ಕನ್ನಡ ಭಜನಾ ಮಂಡಳಿಗಳಲ್ಲಿ ಹೆಂಗಸರು ಹಾಡಲು ಕೂತರೆ ಪೇಟಿ (ಹಾರ್ಮೋನಿಯಂ) ನುಡಿಸುವವರ ಬೆರಳು ತಾನಾಗಿಯೇ ಕರಿ ನಾಲ್ಕಕ್ಕೆ, ಅಂದರೆ ನಾಲ್ಕನೆಯ ಕರಿ ಮನೆಗೆ, ಹೋಗುತ್ತದೆ; ಅದೇ ಹಾಡಿನ ಷಡ್ಜ, ಅಂದರೆ ‘ಸ’. ಇಲ್ಲಿಯವರ ಬಾಯಲ್ಲಿ ಅದು ‘ಕಾಳಿ ಚಾರ್’. ಹಾಡುವ ಗಂಟಲು ಯಾವುದೆಂದು ಕೇಳುವ ಪದ್ಧತಿ ಕಡಿಮೆ.

ಮಾತಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 180ರಿಂದ 220 ಸಲ ಕೂಡಿ ಬಿಡುತ್ತವೆ, ಗಂಡಸರಲ್ಲಿ 100ರಿಂದ 130. ತಂತು ಗಿಡ್ಡ, ತೆಳು, ಅದಕ್ಕೆ. ಇಷ್ಟು ನಿಸರ್ಗದ ಪಾಲು. ಆದರೆ ಹುಡುಗಿಯ ದನಿ ತುಸು ದಪ್ಪವಾದರೂ ‘ಗಂಡುದನಿ’ ಅನ್ನುವುದು, ಏರಿಸಿದರೆ ‘ಕಿರುಚಬೇಡ’ ಅನ್ನುವುದು ನಮ್ಮ ಪಾಲು. ಗಂಗೂಬಾಯಿ ಹಾನಗಲ್ಲರ ಆರಂಭದ ಮುದ್ರಿಕೆಗಳಲ್ಲಿ ದನಿ ತೆಳುವಾಗಿ ಎತ್ತರದಲ್ಲಿದೆ. ಗಂಟಲ ಚಿಕಿತ್ಸೆಯ ನಂತರ ಅದು ತಗ್ಗಿ ತುಂಬಿಕೊಂಡಿತು. ಅವರ ಗಾಯನಶೈಲಿ ನಿಂತದ್ದೇ ಆ ತಗ್ಗಿದ ದನಿಯ ಮೇಲೆ. ಇತ್ತ ಮರಾಠಿ ರಂಗದಲ್ಲಿ ಹೆಣ್ತನದ ಮಾದರಿಯಾಗಿ ಮೆರೆದವರು ಸ್ತ್ರೀಪಾತ್ರ ಮಾಡುತ್ತಿದ್ದ ಬಾಲಗಂಧರ್ವರು, ಗಂಡಸು!

ಕರಿ ನಾಲ್ಕರ ಷಡ್ಜ ಸುಮಾರು 208 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಅದರ ಪಂಚಮ, ಅಂದರೆ ‘ಪ’, 311. ಬಹಳ ಹೆಂಗಸರಲ್ಲಿ ಎದೆಯ ದನಿ ತೆಳ್ಳಗಿನ ದನಿಗೆ ಹೊರಳುವುದು 300ರಿಂದ 350ರ ಆಸುಪಾಸಿನಲ್ಲೇ. ಅಂದರೆ ಭಜನೆ ಹೆಚ್ಚು ಓಡಾಡುವ ಪಂಚಮ, ಧೈವತಗಳಲ್ಲೇ ದನಿ ಒಡೆಯುತ್ತದೆ. ಒಡೆಯಬಾರದೆಂದು ಕತ್ತು ಬಿಗಿದರೆ ಮರುದಿನ ಗಂಟಲು ಕಟ್ಟುತ್ತದೆ. ಷಡ್ಜವನ್ನು ಬಿಳಿ ನಾಲ್ಕಕ್ಕೆ, 175ಕ್ಕೆ, ಇಳಿಸಿ ನೋಡಿ: ಆ ಹೊರಳು ನಿಷಾದ, ತಾರ (ಮೇಲಿನ) ಷಡ್ಜದತ್ತ ಸರಿಯುತ್ತದೆ.

ನಿಮ್ಮ ಶ್ರುತಿ ಹುಡುಕಲು ಎದ್ದ ಕೂಡಲೇ ಕೂರಬೇಡಿ, ಆಗ ದನಿ ಸುಳ್ಳೇ ತಗ್ಗಿರುತ್ತದೆ. ಹತ್ತು ನಿಮಿಷ ಬಾಯಿ ಮುಚ್ಚಿ ಗುಂಯ್‌ಗುಟ್ಟಿ, ಆಮೇಲೆ ‘ಆ’ಕಾರದಲ್ಲಿ ಪೇಟಿಯ ಒಂದೊಂದೇ ಮನೆ ಇಳಿಯಿರಿ. ಉಸಿರು ಬೆರೆಯದೆ, ಗೊರಗೊರ ಅನ್ನದೆ ಕೇಳುವ ಕೊನೆಯ ಸ್ವರವೇ ಮಂದ್ರ (ಕೆಳಗಿನ) ಪಂಚಮ. ಅದನ್ನು ಬಿಟ್ಟು ಮೇಲಕ್ಕೆ ಕರಿ, ಬಿಳಿ ಎಲ್ಲ ಎಣಿಸಿದರೆ ಐದನೆಯ ಮನೆ ಷಡ್ಜ. ಈಗ ತಾರ ಮಧ್ಯಮ ಹಾಡಿ. ಗದ್ದ ಮೇಲೆದ್ದರೆ ಅಥವಾ ಕತ್ತಿನ ನರ ಉಬ್ಬಿದರೆ ಷಡ್ಜವನ್ನು ಒಂದು ಮನೆ ಇಳಿಸಿ.

ಮಾತಿನ ದನಿಗೂ ಇದೇ ತೊಂದರೆ. ಗದ್ದಲದ ತರಗತಿಯಲ್ಲಿ ಶಿಕ್ಷಕಿ ಜೋರು ಮಾಡಿದರೆ ಶ್ರುತಿಯೂ ಏರುತ್ತದೆ, ತಂತುಗಳ ತಾಕಲಾಟ ಹೆಚ್ಚಿ ಗಂಟು ಕಟ್ಟಬಹುದು. ಮೂರು ವಾರ ದಾಟಿಯೂ ದನಿ ಒಡಕಾಗಿದ್ದರೆ ಕಷಾಯ ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರಿಂದ ತಂತು ನೋಡಿಸಿ.

ಮುಟ್ಟು ನಿಂತ ಮೇಲೆ ದನಿ ತುಸು ಇಳಿಯುವುದು ಸಹಜ. ಇಪ್ಪತ್ತು ವರ್ಷದ ಹಿಂದಿನ ಶ್ರುತಿಯನ್ನೇ ಹಿಡಿದು ಕೂರುವವರಲ್ಲೇ ಗಂಟಲು ಬೇಗ ಸೋಲುತ್ತದೆ. ಮಂಡಳಿಯಲ್ಲಿ ಎರಡೂ ಬಗೆಯ ದನಿಗಳಿದ್ದರೆ ಅರ್ಧ ಭಜನೆ ಕರಿ ನಾಲ್ಕರಲ್ಲಿ, ಉಳಿದರ್ಧ ಬಿಳಿ ಮೂರು ಇಲ್ಲವೇ ನಾಲ್ಕರಲ್ಲಿ ಇಟ್ಟುಕೊಳ್ಳಿ. ತಗ್ಗಿನವನ್ನು ಹೇಳಿಕೊಡುವ ಕೆಲಸ ದಪ್ಪ ದನಿಯ ಅಕ್ಕಂದಿರಿಗೇ ಇರಲಿ.